ನಲವತ್ತು ಸೆಕೆಂಡ್ ನಿಂದ್ರಿ

ಧಮ್ಮಶೀಲಾ ಕ್ರಾಂತಿಕುಮಾರನ ಮುಖ ನೋಡುವ ಮೊದಲೇ ಅವನ ಬರಹ ನೋಡಿದ್ದಳು. ಬರಹವೆಂದರೆ ಪತ್ರವಲ್ಲ, ಕವಿತೆಯೂ ಅಲ್ಲ. ನಾರಾಯಣಖೇಡದ ಹಾಲಿನ ಸೆಂಟರಿನಲ್ಲಿ, ತಕ್ಕಡಿಯ ಪಕ್ಕದ ಪುಟ್ಟ ಕಂಪ್ಯೂಟರಿನೊಳಗೆ ಕೂತಿದ್ದ ಒಂದು ಸ್ಟಾರ್ಟಪ್ ಸ್ಕ್ರಿಪ್ಟು. ಕರೆಂಟು ಹೋಗಿ ಬಂದಾಗಲೆಲ್ಲ ಆ ಕಂಪ್ಯೂಟರು ತಾನಾಗಿ ಎದ್ದು, ಯಾವ ಕೆಲಸದ ಹಿಂದೆ ಯಾವ ಕೆಲಸ ಶುರು ಮಾಡಬೇಕೆಂದು ಅದರಲ್ಲಿ ಮೇಲಿನಿಂದ ಕೆಳಗೆ ಸಾಲಾಗಿ ಬರೆದಿತ್ತು. ಬರೆದವನು ನಡುನಡುವೆ ಕನ್ನಡದಲ್ಲಿ ಟಿಪ್ಪಣಿ ಹಾಕಿದ್ದ.

‘ಮೊದಲ ಗಡಿಯಾರ ನೋಡ್ರಿ. ಟೈಮ್ ತಪ್ಪಿದ್ರ ಮುಂಜಾನಿ ಹಾಲು ಸಂಜಿ ಹಾಲು ಆಗ್ತದ’ ಎಂದು ಒಂದು ಕಡೆ. ‘ಪ್ರಿಂಟರ್‌ಗ ಜರಾ ಧಿಮಾಕು ಅದ. ಎರಡು ಸಲ ಕರೀರಿ’ ಎಂದು ಇನ್ನೊಂದು ಕಡೆ. ತಕ್ಕಡಿಯ ಸಾಲಿನ ಮೇಲೆ ಮಾತ್ರ ಸ್ವಲ್ಪ ಗಂಭೀರವಾಗಿತ್ತು: ‘ಘಂಟಿ ಹೊಡೀರಿ. ಆಮ್ಯಾಲ ಅವಸರ ಮಾಡಬ್ಯಾಡ್ರಿ. ನಲವತ್ತು ಸೆಕೆಂಡ್ ನಿಂದ್ರಿ.’

ಧಮ್ಮಶೀಲಾ ಗಟ್ಟಿಯಾಗಿ ನಕ್ಕುಬಿಟ್ಟಳು. ಹಾಲಿನ ಕೊಬ್ಬು ಪರೀಕ್ಷಿಸುತ್ತಿದ್ದ ಸುಗಲಾಬಾಯಿ ತಲೆ ಎತ್ತಿದರು.

“ಯಾಕ ನಗ್ಲತ್ತೀ ತಂಗಿ? ಆ ಡಬ್ಬಿ ಏನರ ಚಾಷ್ಟಿ ಮಾಡ್ತೇನು?”

ಅಷ್ಟರಲ್ಲಿ ಕೈಯಲ್ಲಿ ಹೆಲ್ಮೆಟ್, ಹೆಗಲಲ್ಲಿ ವೈರಿನ ಸುರುಳಿ ಹಿಡಿದ ಒಬ್ಬ ಒಳಗೆ ಬಂದ. ಸ್ಟೆಬಿಲೈಜರ್ ರಿಪೇರಿಗೆ ಯಾರೋ ಬರುತ್ತಾರೆಂದು ಬೆಳಿಗ್ಗೆಯೇ ಹೇಳಿದ್ದರು. ಧಮ್ಮಶೀಲಾ ಮೂಲೆಗೆ ಬೆರಳು ತೋರಿಸಿದಳು. ಅವನು ಹೋಗಿ ಅದರ ಮುಚ್ಚಳ ಬಿಚ್ಚಿ ಕೂತ.

“ಏನ್ ಓದ್ಲತ್ತೀರಿ ಮೇಡಂ?” ಸ್ವಲ್ಪ ಹೊತ್ತಿನ ಮೇಲೆ, ತಿರುಗದೆಯೇ ಕೇಳಿದ.

“ಯಾರೋ ಅಜ್ಜಾರು ಬರ್ದಿದ್ದು. ಮಷೀನ್‌ಗ ‘ರೀ’ ಹಚ್ಚಿ ಮಾತಾಡ್ಯಾರ ನೋಡ್ರಿ.”

“ಕೆಟ್ಟ ಬರ್ದಾರೇನ್ರಿ?”

“ಕೆಟ್ಟದು ಯಾರಂದ್ರು? ಇಷ್ಟು ಚಂದ ಸ್ಕ್ರಿಪ್ಟ್ ನಾ ನೋಡೇ ಇಲ್ಲ. ಅಜ್ಜಾರು ಎದುರಿಗಿ ಸಿಕ್ರ ಕಾಲಿಗಿ ಬೀಳ್ತೀನಿ. ಆದ್ರ ಈ ನಲವತ್ತು ಸೆಕೆಂಡ್ ಒಂದು ನೋಡಿದ್ರ ನಗಿ ಬರ್ತದ. ತಕ್ಕಡಿ ಎರಡೇ ಸೆಕೆಂಡಿನಾಗ ಏಳ್ತದ. ನಡುವ ಚಾ ಕುಡ್ಯಾಕ ಇಟ್ಕೊಂಡಾರೋ ಏನೋ.”

ಅವನ ಬೆನ್ನು ಅಲುಗಿತು. ವೈರು ಜಗ್ಗುತ್ತಿದ್ದಾನೆ ಎಂದುಕೊಂಡಳು.

“ಚಾ ಅಂದ್ರ ನೆನಪಾತು,” ಸುಗಲಾಬಾಯಿ ಎದ್ದರು. “ಕ್ರಾಂತಿ ತಮ್ಮಾ, ನಿನಗ ಸಕ್ಕರಿ ಹಾಕ್ಲೋ ಬ್ಯಾಡೋ?”

ಸ್ಕ್ರಿಪ್ಟಿನ ತಲೆಯ ಮೇಲೆ ಬರೆದವರ ಹೆಸರಿತ್ತು, ಕ್ರಾಂತಿಕುಮಾರ, ಧಾರೂರು. ಧಮ್ಮಶೀಲಾ ಪರದೆ ನೋಡಿದಳು, ಆಮೇಲೆ ಅವನನ್ನು ನೋಡಿದಳು. ಮೂವತ್ತು ದಾಟಿರದ ಮುಖ, ಹುಬ್ಬಿನ ಮೇಲೆ ಸ್ಟೆಬಿಲೈಜರಿನ ಜೇಡರಬಲೆ, ಕಣ್ಣಿನಲ್ಲಿ ಹಿಡಿದಿಟ್ಟ ನಗು.

“ಕಾಲಿಗಿ ಈಗ ಬೀಳಬ್ಯಾಡ್ರಿ,” ಅವನೆಂದ. “ನೆಲ ಹಸಿ ಅದ.”

ಅವಳಿಗೆ ಎಲ್ಲಿ ಮುಖ ಇಡಬೇಕೋ ತಿಳಿಯಲಿಲ್ಲ. ಹೆಸರು ಹೇಳಿದಳು, ರಾಯಿಕೋಡಿನ ತುಳಜಪ್ಪ ಮಾಸ್ತರ ಮಗಳೆಂದೂ ಹೇಳಿದಳು. ಅವನು ಎಣ್ಣೆಗೈಯನ್ನು ಎದೆಗೆ ತಾಗಿಸದಂತೆ ಹಿಡಿದು “ಜೈಭೀಮ್” ಎಂದ. ಹುಬ್ಬಿನ ಮೇಲಿನ ಜೇಡರಬಲೆಯ ವಿಷಯ ಹೇಳಬೇಕೆಂದು ಅವಳಿಗೆ ಅನ್ನಿಸಿತು. ಹೇಳಿದರೆ ಅಷ್ಟು ಹೊತ್ತು ನೋಡಿದ್ದು ಗೊತ್ತಾಗುತ್ತದೆಂದು ಸುಮ್ಮನಾದಳು.

ಅವಳು ಅಲ್ಲಿಗೆ ಬಂದದ್ದು ಆ ಸ್ಕ್ರಿಪ್ಟಿನ ಹಣೆಬರಹ ಬರೆಯಲು. ಅವಳು ಹೊಸದಾಗಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ್ದ ಹಾಲಿನ ಸಂಘಕ್ಕೆ ಮೂರು ಸೆಂಟರುಗಳು: ಜಹೀರಾಬಾದ್, ನಾರಾಯಣಖೇಡ, ತಾಂಡೂರು. ಮೂರೂ ಕಡೆಯ ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಮ್ ಹಳೆಯದಾಗಿ ಅಪ್‌ಡೇಟ್ ನಿಂತುಹೋಗಿತ್ತು. ಹೊಸದು ಹಾಕಲೇಬೇಕು. ಹಾಕಿದ ಮೇಲೆ ಕ್ರಾಂತಿಯ ಸ್ಕ್ರಿಪ್ಟನ್ನೇ ಇಟ್ಟುಕೊಳ್ಳುವುದೋ, ಅಥವಾ ಹೊಸ ಸಿಸ್ಟಮ್ ಜೊತೆಗೇ ಬರುವ ಸಿಸ್ಟಮ್‌ಡಿ ಎಂಬ ಸರ್ವಿಸ್ ಮ್ಯಾನೇಜರ್ ಪ್ರೋಗ್ರಾಮಿಗೆ ಎಲ್ಲ ಒಪ್ಪಿಸುವುದೋ? ತಿಂಗಳ ಕೊನೆಗೆ ಒಂದು ಪುಟದಲ್ಲಿ ಬರೆದುಕೊಡು ಎಂದಿದ್ದರು ಸಂಘದ ಮ್ಯಾನೇಜರ್ ಪ್ರವೀಣಕುಮಾರ.

“ಹಳೇದು ಇಟ್ರ ಕ್ರಾಂತಿ ಇಲ್ಲೇ ಇರ್ಲಿ,” ಎಂದೂ ಅವರು ಸೇರಿಸಿದ್ದರು. “ಹೊಸದು ಬಂದ್ರ ಅವಗ ಮೂರು ಊರು ತಿರುಗೋ ಕೆಲಸ ಇರಲ್ಲ. ಕೊಡಂಗಲ್‌ದಾಗ ಹೊಸ ಸೆಂಟರ್ ಆಗ್ಲತ್ತದ, ಅಲ್ಲಿಗಿ ಕಳಿಸ್ತೀನಿ.” ಆಗ ಧಮ್ಮಶೀಲಾ ತಲೆಯಾಡಿಸಿ ಮರೆತಿದ್ದಳು. ಕ್ರಾಂತಿ ಯಾರೆಂದೇ ಅವಳಿಗೆ ಗೊತ್ತಿರಲಿಲ್ಲವಲ್ಲ.

ಮುಂದಿನ ಎರಡು ವಾರ ಅವನು ಅವಳಿಗೆ ಸ್ಕ್ರಿಪ್ಟು ಓದಿ ತಿಳಿಸಿದ. ಜಹೀರಾಬಾದಿನ ಆಫೀಸಿನಲ್ಲಿ ಎರಡು ಕುರ್ಚಿ ಒಂದೇ ಪರದೆಯ ಮುಂದೆ. ಅವನು ಪರದೆಯನ್ನು ಬೆರಳಿನಿಂದ ಮುಟ್ಟುತ್ತಿರಲಿಲ್ಲ, ಒಂದಂಗುಲ ದೂರದಲ್ಲೇ ನಿಲ್ಲಿಸಿ ಸಾಲು ತೋರಿಸುತ್ತಿದ್ದ. ಅವಳ ಕೈಯ ಹತ್ತಿರ ಬಂದಾಗಲೂ ಅದೇ ಒಂದಂಗುಲ. ಆ ಅಂಗುಲದ ಮೇಲೆ ಅವಳಿಗೆ ದಿನದಿನಕ್ಕೆ ಸಿಟ್ಟು ಬರತೊಡಗಿತು.

ಏಳು ವರ್ಷದಲ್ಲಿ ಅವನು ಆ ಮೂರು ಊರುಗಳ ಎಲ್ಲ ಚಾಳಿಗಳನ್ನೂ ಅದರೊಳಗೆ ಇಳಿಸಿದ್ದ. ತಾಂಡೂರಿನಲ್ಲಿ ಕಲ್ಲಿನ ಪಾಲಿಶ್ ಮಷೀನುಗಳು ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ, ಅದಕ್ಕೊಂದು ಸಾಲು. ನಾರಾಯಣಖೇಡದಲ್ಲಿ ನೆಟ್‌ವರ್ಕ್ ತಡವಾಗಿ ಬರುತ್ತದೆ, ಅದಕ್ಕೊಂದು. ಕಲಿಸಿದವರಿಲ್ಲದೆ, ಐಟಿಐ ಓದಿದ ಎಲೆಕ್ಟ್ರಿಷಿಯನ್ ಒಬ್ಬ ಇಷ್ಟು ಮಾಡಿದ್ದಾನೆಂದು ಅವಳು ಒಳಗೊಳಗೇ ಬೆರಗಾದಳು. ಆ ಬೆರಗು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೋ ಅವಳಿಗೆ ತಿಳಿಯಲಿಲ್ಲ.

ಹೊಸದರ ಬಗ್ಗೆ ಅವಳು ಹೇಳಿದಾಗ ಅವನು ತಲೆ ತಗ್ಗಿಸಿ ಕೇಳುತ್ತಿದ್ದ.

“ನಿಮ್ಮ ಸ್ಕ್ರಿಪ್ಟ್ ಎಲ್ಲರಿಗೂ ಎಬ್ಬಿಸಿ ತಾ ಹೋಗಿಬಿಡ್ತದ,” ಎಂದಳು. “ಈ ಸರ್ವಿಸ್ ಮ್ಯಾನೇಜರ್ ಹಂಗಲ್ಲ. ಕಂಪ್ಯೂಟರ್ ಬಂದ್ ಆಗೋ ತನಕ ಕುಂತು ನೋಡ್ತಿರ್ತದ. ಯಾವದರ ಬಿದ್ರ ಮತ್ತ ಎಬ್ಬಿಸ್ತದ. ಒಂದರ ಹಿಂದ ಒಂದು ಕಾಯಲ್ಲ, ಆಗೋದೆಲ್ಲ ಒಮ್ಮೆಗೇ ಶುರು ಮಾಡ್ತದ.”

“ನಂದು ಮ್ಯಾಲಿಂದ ಕೆಳಗ ಓದಿದ್ರ ಸುಗಲಾಬಾಯಿ ಅಕ್ಕಗೂ ತಿಳೀತದ. ನಿಮ್ಮದು ಕೆಲಸಕ್ಕೊಂದರಂಗ ಒಂಬತ್ತು ಫೈಲ್.”

“ಒಂಬತ್ತೂ ಸಣ್ಣ ಫೈಲ್ ಅವ.”

“ನೀವು ಹೇಳಿದ್ರ ಸಣ್ಣವೇ ಇರಬೇಕು,” ಎಂದು ಅವನು ಚಹಾದ ಗ್ಲಾಸಿನ ಮೇಲಿಂದ ಅವಳನ್ನು ನೋಡಿದ. ಅವಳು ಒಂಬತ್ತು ಫೈಲುಗಳ ಹೆಸರನ್ನೂ ಒಂದು ನಿಮಿಷ ಮರೆತಳು.

ನಲವತ್ತು ಸೆಕೆಂಡಿನ ಬಗ್ಗೆ ಅವಳು ಕೇಳಲಿಲ್ಲ. ಮೊದಲ ದಿನದ ಅವಮಾನ ನೆನಪಾಗುತ್ತಿತ್ತು. ಅವನೂ ಆ ಸಾಲು ಬಂದಾಗ ಬೆರಳನ್ನು ಸರಕ್ಕನೆ ಕೆಳಗಿಳಿಸುತ್ತಿದ್ದ.

ಮೂರನೆಯ ವಾರ ಹೊಸದನ್ನು ನಾರಾಯಣಖೇಡ, ತಾಂಡೂರು ಎರಡೂ ಕಡೆ ಪರೀಕ್ಷೆಗೆ ಹಾಕಿದಳು. ಘಂಟೆಗೊಂದು ಫೈಲು, ತಕ್ಕಡಿಗೊಂದು ಫೈಲು, ನಲವತ್ತು ಸೆಕೆಂಡು ಇಲ್ಲ. ಕಂಪ್ಯೂಟರು ಎದ್ದ ಕೂಡಲೇ ತಕ್ಕಡಿ ಸಿದ್ಧ. ಅವಳು ಹಿಗ್ಗಿನಿಂದ ಕ್ರಾಂತಿಯ ಕಡೆ ನೋಡಿದಳು. ಅವನು ಏನೋ ಹೇಳಲು ಬಾಯಿ ತೆರೆದು, ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡ.

ಎರಡು ದಿನ ಬಿಟ್ಟು ಬೆಳಿಗ್ಗೆ ಏಳೂವರೆಗೆ ಸುಗಲಾಬಾಯಿಯ ಫೋನು. ಧಮ್ಮಶೀಲಾ ಬಸ್ಸು ಹಿಡಿದು ನಾರಾಯಣಖೇಡಕ್ಕೆ ಹೋಗುವಷ್ಟರಲ್ಲಿ ಸೆಂಟರಿನ ಮುಂದೆ ಹನ್ನೊಂದು ಜನ ಹೆಂಗಸರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಎಲ್ಲರಿಗಿಂತ ಮುಂದೆ, ಬಾಗಿಲಲ್ಲೇ, ಲಚ್ಚಮ್ಮ.

“ಮನ್ಯಾಗ ಮಾಪ ಹಾಕ್ಕೊಂಡೇ ಬರ್ತೀನಿ ನಾ,” ಲಚ್ಚಮ್ಮ ಎಂದಳು. “ಎರಡು ಕಿಲೋ ಕಮ್ಮಿ ಬಂದದ. ಎಲ್ಲರದೂ ಎರಡೆರಡು ಕಿಲೋ. ನಮ್ಮ ಎಮ್ಮಿಗೋಳು ಎಲ್ಲಾ ಕೂಡಿ ಮಾತಾಡ್ಕೊಂಡಾವೇನು?”

ಧಮ್ಮಶೀಲಾ ಕಂಪ್ಯೂಟರಿನ ಮುಂದೆ ಕೂತಳು. ಫೈಲುಗಳನ್ನು ಒಂದೊಂದಾಗಿ ತೆರೆದಳು, ಎಲ್ಲವೂ ನೆಟ್ಟಗಿದ್ದವು. ತಕ್ಕಡಿಯಲ್ಲಿ ದೋಷವಿಲ್ಲ, ಪ್ರೋಗ್ರಾಮಿನಲ್ಲಿ ದೋಷವಿಲ್ಲ. ಅಷ್ಟರಲ್ಲಿ ಹೊರಗೆ ಬೈಕು ನಿಂತಿತು. ಕ್ರಾಂತಿ ಒಳಗೆ ಬಂದು ಕಂಪ್ಯೂಟರನ್ನು ನೋಡಲೇ ಇಲ್ಲ. ಲಚ್ಚಮ್ಮನ ಕಾಲ ಬಳಿ ಬಗ್ಗಿ, ಒಂದು ಚಪ್ಪಟೆ ಕಲ್ಲು ಎತ್ತಿ ತಂದು ಧಮ್ಮಶೀಲಾಳ ಎರಡೂ ಕೈಯಲ್ಲಿಟ್ಟ.

“ಇದೇ ನೋಡ್ರಿ ನನ್ನ ನಲವತ್ತು ಸೆಕೆಂಡ್,” ಎಂದ.

ಆ ಸೆಂಟರಿನ ರೂಢಿ ಅವಳಿಗೆ ಆಗ ತಿಳಿಯಿತು. ಒಬ್ಬೊಬ್ಬ ಹೆಂಗಸಿಗೂ ತನ್ನದೊಂದು ಪಾಳಿಕಲ್ಲು. ಸಾಲಿನಲ್ಲಿ ಕಲ್ಲಿಟ್ಟು ಮನೆಗೆಲಸಕ್ಕೆ ಹೋಗಿ ಬಂದರೂ ಪಾಳಿ ತಪ್ಪುವುದಿಲ್ಲ. ಕರೆಂಟು ಹೋದಾಗ ಮೊದಲ ಪಾಳಿಯವಳ ಕಲ್ಲು ತಕ್ಕಡಿಯ ಮೇಲೆಯೇ, ಹಾಲು ಸುರಿಯುವ ಬಕೆಟ್ಟಿನ ಪಕ್ಕದಲ್ಲಿ ಕೂರುತ್ತದೆ. ಕರೆಂಟು ಬಂದೊಡನೆ ಕಂಪ್ಯೂಟರು ಘಂಟೆ ಬಾರಿಸುತ್ತದೆ, ಅವಳು ಓಡಿ ಬಂದು ಕಲ್ಲು ತೆಗೆಯುತ್ತಾಳೆ, ಆಮೇಲೆ ತಕ್ಕಡಿ ಖಾಲಿ ಬಕೆಟ್ಟಿನ ತೂಕವನ್ನೇ ಸೊನ್ನೆಯೆಂದು ಹಿಡಿಯುತ್ತದೆ. ಹೊಸದು ಹಾಕಿದ ಮೇಲೆ ಆ ಬೆಳಿಗ್ಗೆ ಮೊದಲ ಸಲ ಕರೆಂಟು ಹೋಗಿ ಬಂದಾಗ, ಅದು ಘಂಟೆಯನ್ನೂ ಸೊನ್ನೆಯನ್ನೂ ಒಮ್ಮೆಗೇ ಮಾಡಿತ್ತು. ಕಲ್ಲಿನ ಸಮೇತ ಸೊನ್ನೆ ಹಿಡಿದ ತಕ್ಕಡಿ, ಕಲ್ಲು ಎತ್ತಿದ ಮೇಲೆ ಎಲ್ಲರ ಹಾಲಿನಲ್ಲೂ ಅಷ್ಟನ್ನು ನುಂಗಿತ್ತು.

ಕಲ್ಲು ತೂಗಿದರು. ಎರಡು ಕಿಲೋ. ಹನ್ನೊಂದು ಜನರಿಗೂ ಅಷ್ಟನ್ನು ಸೇರಿಸಿದ ಮೇಲೆ ಲಚ್ಚಮ್ಮ ತನ್ನ ಕಲ್ಲು ಇಸಿದುಕೊಂಡು, “ಪಾಪ, ಹುಡುಗಿ ಮುಖ ಸಣ್ಣದಾತು. ಯಾರರ ಚಾ ಕೊಡ್ರಿ ಅವಳಿಗಿ,” ಎಂದು ಹೋದಳು.

“ಟಿಪ್ಪಣಿನಾಗ ಬರೀಬೇಕಿತ್ತಲ್ರಿ,” ಧಮ್ಮಶೀಲಾ ಗೋಡೆಗೆ ಒರಗಿ ಕೇಳಿದಳು. “ಹೋಗ್ಲಿ, ಬಾಯಿಲೆ ಹೇಳಬೇಕಿತ್ತು.”

“ಹೇಳಬೇಕಂತ ಇದ್ದೆ. ನೀವು ಅವತ್ತು ನಕ್ರಿ ನೋಡ್ರಿ. ಕಲ್ಲಿಂದು ಕತಿ ಹೇಳಿದ್ರ ಮತ್ತ ನಗ್ತೀರಿ ಅಂತ ನಾಚ್ಕಿ ಬಂತು. ತಪ್ಪು ನಂದೇ ಅದ.”

ತಪ್ಪು ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಅವನು ಬೈದಿದ್ದರೆ, ಕೊನೇಪಕ್ಷ ಒಂದು ಸಲ ಹಂಗಿಸಿದ್ದರೆ ಹಗುರಾಗುತ್ತಿತ್ತು. ಅವನು ಹಾಗೆ ಮಾಡದೆ ನಾರಾಯಣಖೇಡಕ್ಕೆ ಹಳೆಯ ಸ್ಕ್ರಿಪ್ಟನ್ನು ಮತ್ತೆ ಹಾಕಿ, ಅವಳಿಗೆ ಚಹಾ ತಂದುಕೊಟ್ಟ. ಆ ಬೆಳಿಗ್ಗೆಯೇ ಅವಳು ತನ್ನೊಳಗೆ ಒಪ್ಪಿಕೊಂಡದ್ದು: ಈ ಮನುಷ್ಯನನ್ನು ಬಿಟ್ಟು ತನಗಿನ್ನು ಆಗುವುದಿಲ್ಲ.

ಒಪ್ಪಿಕೊಂಡ ಮೇಲೆ ಕೊಡಂಗಲ್ ನೆನಪಾಯಿತು. ತಾಂಡೂರು ದಾಟಿ, ಬಸ್ಸು ಬದಲಿಸಿ ಹೋಗುವ ಊರು. ಹೊಸದನ್ನು ಆರಿಸಿದರೆ ಅವನು ಅಲ್ಲಿ, ಅವಳು ಇಲ್ಲಿ. ಏಳು ವರ್ಷದ ಅವನ ಕೆಲಸವನ್ನು ಕಿತ್ತುಹಾಕಿದವಳ ಮುಖವನ್ನು ಅವನು ಮತ್ತೆ ಯಾಕೆ ನೋಡಿಯಾನು? ಒಂದು ಪುಟದ ವರದಿ ಅವಳ ಎದೆಯ ಮೇಲೆ ಕೂತಿತು. ತಿಂಗಳ ಕೊನೆಗೆ ಮೂರು ದಿನ ಇರುವಾಗ ಬರೆದಳು: ‘ಹಳೆಯ ಸ್ಕ್ರಿಪ್ಟ್ ಈ ಊರುಗಳನ್ನು ಬಲ್ಲದು. ಅದನ್ನೇ ಮುಂದುವರಿಸುವುದು ಒಳ್ಳೆಯದು.’ ಬರೆದು, ತಾಂಡೂರಿನ ಸೆಂಟರಿನಲ್ಲಿದ್ದ ಕ್ರಾಂತಿಗೆ ತಾನೇ ಒಯ್ದು ತೋರಿಸಿದಳು. ಅವನ ಮುಖ ಅರಳುವುದನ್ನು ನೋಡುವ ಆಸೆ ಇತ್ತು.

ಅವನು ಎರಡು ಸಲ ಓದಿದ. ಮುಖ ಅರಳಲಿಲ್ಲ.

“ಇದು ನಿಮ್ಮ ಖರೆ ಮಾತೇನ್ರಿ?”

“ಕಲ್ಲಿಂದು ಆತಲ್ಲ. ನಿಮ್ಮ ಸ್ಕ್ರಿಪ್ಟ್‌ಗ ಗೊತ್ತಿದ್ದದ್ದು ನಂದಕ್ಕ ಗೊತ್ತಿದ್ದಿಲ್ಲ.”

“ನಿಮ್ಮದಕ್ಕ ಹೇಳಿದ್ರ ಗೊತ್ತಾಗ್ತದ. ನಂದಕ್ಕ ಹೇಳಿದ್ರೂ ಬರಲಾರದ್ದು ಒಂದು ಅದ.” ಅವನು ಕಾಗದ ಕೆಳಗಿಟ್ಟ. “ಹ್ವಾದ ಬ್ಯಾಸಗಿನಾಗ ಇದೇ ತಾಂಡೂರಾಗ ಏನಾತು ಗೊತ್ತದೇನು? ಟ್ಯಾಂಕಿನ ತಂಪು ನೋಡೋ ಪ್ರೋಗ್ರಾಮ್ ಮುಂಜಾನಿ ಬರೋಬರಿ ಎದ್ದಿತ್ತು. ಮಧ್ಯಾಹ್ನ ಸತ್ತಿತ್ತು. ನನ್ನ ಸ್ಕ್ರಿಪ್ಟ್ ಎಬ್ಬಿಸಿ ಹೋಗಿತ್ತು, ತಿರುಗಿ ನೋಡೋರು ಯಾರು? ಒಂದು ಟ್ಯಾಂಕ್ ಹಾಲು ಒಡದು ಹೋತು. ಮೂವತ್ತು ಮನಿ ಹಾಲು. ನಾನೇ ನಿಂತು ಮೋರಿಗಿ ಬಿಟ್ಟೆ.”

ಅವನು ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದ. ಅದರಲ್ಲಿ ಅವಳ ಹೊಸದೇ ಓಡುತ್ತಿತ್ತು. ಅವನು ತಂಪು ನೋಡುವ ಪ್ರೋಗ್ರಾಮನ್ನು ಬೇಕೆಂದೇ ಕೊಂದ. ಇಬ್ಬರೂ ಪರದೆ ನೋಡುತ್ತ ಕೂತರು. ಐದು ಸೆಕೆಂಡಿಗೆ ಅದು ತಾನಾಗಿ ಎದ್ದು ನಿಂತಿತು.

“ದಿನಾ ಇದೇ ಮಾಡ್ಲತ್ತೀನಿ,” ಎಂದ, ಕದ್ದು ಸಿಕ್ಕಿಬಿದ್ದವನಂತೆ. “ಇದು ಹದಿಮೂರನೇ ಸಲ. ನೀವು ಬರ್ದಿದ್ದು ಹದಿಮೂರು ಸಲ ಎದ್ದದ. ಎಷ್ಟು ಚಂದ ಬರ್ದೀರಿ ಅಂತ ಎರಡೆರಡು ಸಲ ಓದ್ತೀನಿ, ಆ ಒಂಬತ್ತೂ ಫೈಲ್. ನಿಮಗ ಹೇಳಿದ್ದಿಲ್ಲ, ಅಷ್ಟೇ.”

“ಹೊಸದು ಬಂದ್ರ ನಿಮಗ ಕೊಡಂಗಲ್‌ಗ ಕಳಿಸ್ತಾರ.” ಅವಳ ಬಾಯಿಂದ ಜಾರಿತು.

“ಗೊತ್ತದ. ಪ್ರವೀಣಕುಮಾರ ಸರ್ ಮೊದಲ ದಿನಾನೇ ಹೇಳ್ಯಾರ.”

“ಗೊತ್ತಿದ್ದೂ ಹೊಸದೇ ಬರೀರಿ ಅಂತೀರಿ?”

“ನನ್ನ ಸಲುವಾಗಿ ಸುಳ್ಳು ಬರ್ದ್ರ, ಮತ್ತೊಂದು ಟ್ಯಾಂಕ್ ಒಡದ ದಿನ ನಾ ನಿಮ್ಮ ಮುಖ ಹೆಂಗ ನೋಡ್ಲಿ?” ಅವನ ದನಿಯಲ್ಲಿ ಮೊದಲ ಸಲ ಸಿಟ್ಟಿತ್ತು. “ನಿಮ್ಮ ಕೆಲಸ ನೋಡಿ ನೀವು ಎಷ್ಟು ದೊಡ್ಡವರು ಅಂತ ನಾ ತಿಳ್ಕೊಂಡೀನಿ. ಅದನ್ನ ಸಣ್ಣದು ಮಾಡಬ್ಯಾಡ್ರಿ, ಶೀಲಾ.”

ಹೆಸರು ಅರ್ಧಕ್ಕೆ ಕರೆದದ್ದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅವನು ಕಿಟಕಿಯಾಚೆ ಕಲ್ಲು ಹೇರಿಕೊಂಡು ಹೋಗುತ್ತಿದ್ದ ಲಾರಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಅವಳು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ತಳಕ್ಕೆ ತುರುಕಿದಳು.

ಎರಡು ದಿನ ಅವಳು ಹತ್ತನೆಯ ಫೈಲು ಬರೆದಳು. ಮೊದಲು ಘಂಟೆ, ಆಮೇಲೆ ಈ ಫೈಲು ನಲವತ್ತು ಸೆಕೆಂಡು ಕಾಯುತ್ತದೆ, ಅದು ಮುಗಿದ ಹೊರತು ತಕ್ಕಡಿ ಏಳುವುದಿಲ್ಲ. ಕ್ರಾಂತಿಯ ಟಿಪ್ಪಣಿಗಳನ್ನೆಲ್ಲ ಒಂದಕ್ಷರ ಬದಲಿಸದೆ ಆಯಾ ಫೈಲಿಗೆ ಹಂಚಿದಳು. ಹತ್ತನೆಯದಕ್ಕೆ ಮಾತ್ರ ಒಂದು ಸಾಲು ತಾನೇ ಸೇರಿಸಿದಳು: ‘ಪಾಳಿಕಲ್ಲು ತೆಗೆಯಲು. ಇದನ್ನು ಅಳಿಸುವ ಮೊದಲು ನಾರಾಯಣಖೇಡಕ್ಕೆ ಹೋಗಿ ಬನ್ನಿ.’ ವರದಿಯಲ್ಲಿ ನಿಜ ಬರೆದಳು. ಹೊಸದನ್ನು ಆರಿಸಬೇಕು, ಹಳೆಯದು ಕಲಿಸಿದ್ದನ್ನು ಅದಕ್ಕೆ ಕಲಿಸಬೇಕು. ಸಹಿ ಹಾಕುವಾಗ ಅಳು ಬಂತು. ಕಾಗದದ ಮೇಲೆ ಬೀಳದಂತೆ ನೋಡಿಕೊಂಡಳು.

ಒಂದನೆಯ ತಾರೀಖಿಗೆ ಕ್ರಾಂತಿ ಕೊಡಂಗಲ್‌ಗೆ ಹೊರಡಬೇಕು. ಅದರ ಹಿಂದಿನ ಬೆಳಿಗ್ಗೆ ನಾರಾಯಣಖೇಡದಲ್ಲಿ ಹೊಸದನ್ನು ಶಾಶ್ವತವಾಗಿ ಹಾಕಿದರು. ಅವನು ಹತ್ತನೆಯ ಫೈಲು ತೆರೆದು ಓದಿದ. ತನ್ನ ಸಾಲು ಓದಿದ, ಅದರ ಕೆಳಗೆ ಅವಳ ಸಾಲು ಓದಿದ. ಕಣ್ಣುಜ್ಜಿಕೊಂಡು, ಧೂಳು ಬಹಳ ಅದ ಎಂದು ಸುಗಲಾಬಾಯಿಗೆ ಹೇಳಿದ. ಸುಗಲಾಬಾಯಿ ಆಗಷ್ಟೇ ನೆಲ ತೊಳೆದಿದ್ದರು.

ಏಳು ಗಂಟೆಗೆ ಮತ್ತೆ ಕರೆಂಟು ಹೋಯಿತು. ಲಚ್ಚಮ್ಮ ತನ್ನ ಕಲ್ಲನ್ನು ತಕ್ಕಡಿಯ ಮೇಲಿಟ್ಟು, ಕೊಡ ಕೆಳಗಿಳಿಸಿ, ಹೊರಗೆ ಬೇವಿನ ಮರದಡಿ ಹರಟೆಗೆ ಕೂತಳು. ಧಮ್ಮಶೀಲಾ ಮತ್ತು ಕ್ರಾಂತಿ ಕತ್ತಲಾದ ಪರದೆಯ ಮುಂದೆ ನಿಂತಿದ್ದರು, ನಡುವೆ ಅದೇ ಒಂದಂಗುಲ. ನಾಳೆಯಿಂದ ಅದೂ ಇರುವುದಿಲ್ಲ ಎಂದು ಅವಳು ಲೆಕ್ಕ ಹಾಕುತ್ತಿದ್ದಳು.

ಕರೆಂಟು ಬಂತು. ಪರದೆ ಬೆಳಗಿತು. ಘಂಟೆ ಹೊಡೆಯಿತು.

ಹೊರಗೆ ಹೆಂಗಸರು ಎದ್ದ ಸದ್ದು. ಪರದೆಯ ಮೂಲೆಯಲ್ಲಿ ನಲವತ್ತು, ಮೂವತ್ತೊಂಬತ್ತು ಎಂದು ಅಂಕಿ ಇಳಿಯತೊಡಗಿತು. ಇಷ್ಟು ದಿನ ಹೇಳದೇ ಉಳಿದ ಒಂದು ಮಾತು ಏನು ಮಾಡಿತೆಂದು ಅವಳು ನೋಡಿದ್ದಳು. ಎರಡು ಕಿಲೋ ತೂಗಿತ್ತು ಅದು.

“ಕ್ರಾಂತಿ,” ಎಂದಳು. “ನೀವು ಅವತ್ತು ನಾಚಿಕೊಂಡು ಸುಮ್ಮನಾದ್ರಿ, ಏನಾತು ನೋಡಿದ್ರಿ. ನಾ ಸುಮ್ಮನಾಗಲ್ಲ. ನನಗ ನೀವು ಬೇಕು. ಕೊಡಂಗಲ್‌ದಾಗ ಇರ್ರಿ, ಎಲ್ಲೇ ಇರ್ರಿ. ನಿಮ್ಮ ಬರಹ ಓದಿದ ದಿನದಿಂದ ನಿಮ್ಮ ಮ್ಯಾಲೇ ಅದ ನನ್ನ ಜೀವ.”

ಅವನು ಅವಳನ್ನೇ ನೋಡಿದ. ಇಪ್ಪತ್ತೆಂಟು, ಇಪ್ಪತ್ತೇಳು. ಲಚ್ಚಮ್ಮ ಒಳಗೆ ಬಂದು ಕಲ್ಲು ಎತ್ತಿಕೊಂಡು, ಇವರಿಬ್ಬರನ್ನು ಕಂಡು, ಕಲ್ಲನ್ನು ಕಂಕುಳಲ್ಲಿಟ್ಟು ಅಲ್ಲೇ ನಿಂತಳು.

“ಹದಿಮೂರು ಸಲ ಬೀಳಿಸಿದ್ದು ಪ್ರೋಗ್ರಾಮ್ ನೋಡಾಕಲ್ಲ,” ಅವನು ಮೆಲ್ಲಗೆ ಎಂದ. “ಒಂದು ಸಲ ನೋಡಿದ್ರ ಸಾಕಿತ್ತು. ಉಳಿದದ್ದು ನೀವು ಬರ್ದೀರಂತ.” ಪರದೆಯ ಕಡೆ ಕಣ್ಣು ಹಾಯಿಸಿದ. ಹದಿನೆಂಟು. “ಬರೋ ಐತಾರ ಅವ್ವಗ ಕರ್ಕೊಂಡು ರಾಯಿಕೋಡಿಗಿ ಬರ್ತೀನಿ. ಮಾಸ್ತರು ಮನ್ಯಾಗ ಇರ್ತಾರೇನು?”

“ಇರ್ತಾರ,” ಎಂದಳು ಧಮ್ಮಶೀಲಾ. “ನಾ ಇರಾಕ ಹೇಳ್ತೀನಿ.”

ಅವನ ಕೈ ಅವಳ ಕೈಯ ಹತ್ತಿರ ಬಂದು, ಎಂದಿನ ಜಾಗದಲ್ಲಿ ನಿಂತಿತು. ಉಳಿದ ಒಂದಂಗುಲವನ್ನು ಅವಳೇ ದಾಟಿದಳು.

ತಕ್ಕಡಿ ಸೊನ್ನೆ ಹಿಡಿಯಿತು. ಇಬ್ಬರೂ ನೋಡಲಿಲ್ಲ. ಲಚ್ಚಮ್ಮ ಇನ್ನಷ್ಟು ಹೊತ್ತು ಕಾದಳು, ಆಮೇಲೆ ಕೊಡ ಎತ್ತಿಕೊಂಡು ಮುಂದೆ ಬಂದಳು.

“ನಲವತ್ತು ಆಗಿ ಹೋದ್ವು ತಮ್ಮಾ,” ಎಂದಳು. “ಈಗ ಪಾಳಿ ನಂದು.”